ಪದ್ಮಿಯ ಎಡತೋಳು

ರಾಮದುರ್ಗ
೯ ಜೂನ್ ೧೯೭೧

ಉಗರಗೋಳದ ಭಂಡಾರ-ಕುಂಕುಮ ಸಾಮ್ರಾಜ್ಯದ ಒಡತಿಯೂ, ನನ್ನ ಬಲಗಿವಿಯನ್ನು ಹಿಂಡುವ ಪೂರ್ಣಾಧಿಕಾರ ಪಡೆದವರೂ ಆದ ಶ್ರೀಮತಿ ರಾಚವ್ವ ಬಸಲಿಂಗಪ್ಪ ಇವರ ಸನ್ನಿಧಾನಕ್ಕೆ,

ತಮ್ಮನಾದ ನಿಜಗುಣಪ್ಪನ ಸಾಷ್ಟಾಂಗ ನಮಸ್ಕಾರ. ಅಂಗಿಗೆ ಈಗಷ್ಟೇ ಇಸ್ತ್ರಿಯಾಗಿರುವುದರಿಂದ ಸಾಷ್ಟಾಂಗವನ್ನು ಮನಸ್ಸಿನಲ್ಲೇ ಮುಗಿಸಿದ್ದೇನೆ, ಸ್ವೀಕರಿಸಬೇಕು.

ರಜೆ ಮುಗಿಸಿ ನಿನ್ನ ಮನೆಯಿಂದ ಹೊರಟವನು ಸುಖವಾಗಿ ಮುಟ್ಟಿದೆ. ಸುಖವಾಗಿ ಅಂದರೆ, ಮುನವಳ್ಳಿಯಿಂದ ಈಚೆಗೆ ಒಂದು ಆಡು ನನ್ನ ತೊಡೆಯ ಮೇಲೆ ಕೂತು ಬಂತು. ಅದಕ್ಕೂ ಟಿಕೀಟು ಇತ್ತು, ಹಾಗಾಗಿ ನಾನು ತಕರಾರು ಮಾಡುವಂತಿರಲಿಲ್ಲ. ಮಾಸ್ತರಿಕೆ ಟ್ರೇನಿಂಗಿನ ಎರಡನೇ ವರ್ಷ ಶುರುವಾಯಿತು. ಬರುವ ಜೂನಿಗೆ ನಾನು ಸರಕಾರಿ ಮಾಸ್ತರ. ಆಮೇಲೆ ನೀನು ನನ್ನನ್ನು 'ರೀ' ಹಚ್ಚಿ ಕರೆಯಬೇಕಾಗುತ್ತದೆ, ಈಗಿನಿಂದಲೇ ರೂಢಿ ಮಾಡಿಕೋ. ಅವ್ವ-ಅಪ್ಪ ಹೋದ ಮೇಲೆ ನನ್ನನ್ನು ಹೊಡೆದು, ಉಣಿಸಿ, ಓದಿಸಿದವಳು ನೀನು; ಸರಕಾರಕ್ಕೆ ಇದು ಗೊತ್ತಾದರೆ ಅರ್ಧ ನೌಕರಿ ನಿನ್ನ ಹೆಸರಿಗೇ ಬರೆದಾರು.

ನಮ್ಮ ಪದ್ಮವ್ವನವರ ಶಾಲಾ ಪ್ರವೇಶ ಮಹೋತ್ಸವ ಎಂದು? ಪಾಟಿ ಕೊಂಡಾಯಿತೇ? ಹೋದ ತಿಂಗಳು ನನ್ನ ಪೆನ್ನು ಮುರಿದು, 'ಅದು ತಾನ ಸತ್ತಿತ್ತು ಮಾಮಾ' ಅಂದವಳು. ಇಂಥ ವಕೀಲಿಗೆ ಓದು ಅಗತ್ಯ.

ಇಂತಿ,
ಕಿವಿ ಕಳೆದುಕೊಳ್ಳಲಿರುವ ತಮ್ಮ

❖

ಉಗರಗೋಳ
೧೪ ಜೂನ್ ೧೯೭೧

ತಮ್ಮಾ ನಿಜಗುಣೀ,

ನಿನ್ನ ಪತ್ರ ಬಂತು. ಓದಿ ನಮ್ಮ ಮನಿಯವರು, ನಿಮ್ಮ ಮಾಮಾ, ನಕ್ಕ್ರು. ನನಗ ನಗು ಬರಲಿಲ್ಲ.

ಪದ್ಮಿನ್ನ ಸಾಲಿಗೆ ಕರಕೊಂಡು ಹೋಗಿದ್ನಿ. ಹೊಸ ಲಂಗಾ ಉಟಗೊಂಡು, ಪಾಟಿ ಎದಿಗೆ ಅವುಚಿಕೊಂಡು ನಿಂತಿದ್ಲು. ಬಸಯ್ಯ ಮಾಸ್ತರು ಅಂಗಿ ತೋಳು ಮ್ಯಾಲ ಏರಿಸಿ ನೋಡಿದ್ರು. 'ದೇವಿ ಹಾಕಿಸಿಲ್ಲೇನವಾ, ಸಿಡುಬಿನ ಸೂಜಿ? ತೋಳಿನ ಮ್ಯಾಲ ಕಲಿ ಇಲ್ಲದ ಹುಡುಗೂರ ಹೆಸರು ನಾ ಈ ವರ್ಷ ಬರಕೊಳ್ಳೂದಿಲ್ಲ' ಅಂದ್ರು. ನಾನು 'ಮ್ಯಾಲಿಂದ ಆರ್ಡರ್ ಬಂದೈತೇನ್ರಿ' ಅಂದ್ನಿ. 'ಮ್ಯಾಲಿಂದ ಬಂದಿಲ್ಲ, ನನ್ನ ಹೊಟ್ಟಿಯೊಳಗಿಂದ ಬಂದೈತಿ. ಸಿಡುಬು ಎದ್ದಾಗ ಒಂದ ಕೋಲ್ಯಾಗ ಅರವತ್ತು ಹುಡುಗೂರ್ನ ಕೂಡ್ರಿಸೋಂವ ನಾನು' ಅಂದ್ರು. ಕೆಟ್ಟ ಮನಶಾ ಅಲ್ಲ. ಆದ್ರ ಪದ್ಮಿ ದಾರ್ಯಾಗ ಪಾಟಿ ಉಲ್ಟಾ ಹಿಡಕೊಂಡು, ತಲಿ ಕೆಳಗ ಹಾಕಿಕೊಂಡು ಬಂದ್ಲು.

ನಿನಗ ಗೊತ್ತೈತಿ. ನನ್ನ ಹಿರೇ ಮಗ ಪರಪ್ಪಗ ದೇವಿ ಹಾಕಿಸಿದ್ವಿ. ಎರಡು ವರ್ಷದ ಕೂಸು. ಹಾಕಿಸಿ ಹನ್ನೊಂದನೇ ದಿನಕ್ಕ ಹೋತು. ಆ ಸೂಜಿ ನನ್ನ ಬಾಗಲದೊಳಗ ಇನ್ನೊಮ್ಮೆ ಬರಬಾರದು. ಇದರ ಮ್ಯಾಲ ನನ್ನ ಜೋಡಿ ಯಾರೂ ವಾದ ಮಾಡಬ್ಯಾಡ್ರಿ ಅಂತ ಮನ್ಯಾಗೂ ಹೇಳೇನಿ.

ಮಾಸ್ತರು ಜುಲೈ ಹದಿನೈದರ ಮಟಾ ತಡದು ನೋಡತಾರಂತ. ನೀನು ಅವರ ಪೈಕಿನ ಮಾಸ್ತರಾಗಾಂವ. ಏನರ ಉಪಾಯ ಇದ್ರ ಬರಿ.

ನಿನ್ನ ಅಕ್ಕ
ರಾಚವ್ವ

❖

ರಾಮದುರ್ಗ
೧೮ ಜೂನ್ ೧೯೭೧

ಸುತ್ತೋಲೆ ನಂಬರು: ಸೊನ್ನೆ.
ವಿಷಯ: ಮಕ್ಕಳ ತೋಳುಗಳು.

ಮಹನೀಯಳೇ,

ತಮ್ಮ ಅರ್ಜಿ ಈ ಕಚೇರಿಗೆ (ಅಂದರೆ ಖಾನಾವಳಿಯ ಮೂರನೇ ಮೇಜಿಗೆ) ಮುಟ್ಟಿತು. ಕೂಲಂಕಷವಾಗಿ ಪರಿಶೀಲಿಸಿದ ನಂತರ ಆಜ್ಞಾಪಿಸುವುದೇನೆಂದರೆ:

ಬಸಯ್ಯ ಮಾಸ್ತರರು ನೋಡುವುದು ಕಲೆಯನ್ನು. ಕಲೆ ಹೇಗೆ ಬಂತೆಂದು ತೋಳು ಬಾಯಿಬಿಟ್ಟು ಹೇಳುವುದಿಲ್ಲ. ಕಾರಣ, ತಾವು ಮಡಿವಾಳರ ಸುಂದರವ್ವನ ಹತ್ತಿರ ಹೋಗಿ, ಬಟ್ಟೆಯ ಮೂಲೆಗೆ ಗುರುತು ಹಾಕಲು ಆಕೆ ಇಟ್ಟುಕೊಂಡಿರುವ ಕೇರುಬೀಜವೊಂದನ್ನು ತರತಕ್ಕದ್ದು. ಅದನ್ನು ಚುಚ್ಚಿ, ಹೊರಬಂದ ಎಣ್ಣೆಯನ್ನು ಕಡ್ಡಿಯ ತುದಿಯಿಂದ ಅಭ್ಯರ್ಥಿಯ ಎಡತೋಳಿಗೆ ಎರಡು ಚುಕ್ಕಿ ಇಡತಕ್ಕದ್ದು. ಮೂರನೇ ದಿನ ಗುಳ್ಳೆ, ಹತ್ತನೇ ದಿನ ಹಕ್ಕಳೆ, ತಿಂಗಳಿಗೆ ಕಲೆ. ನಾನು ನಾಲ್ಕನೇ ಇಯತ್ತೆಯಲ್ಲಿ ಅದನ್ನೇ ಮೊಣಕೈಗೆ ಹಚ್ಚಿಕೊಂಡು ಎಂಟು ದಿನ ಸಾಲಿ ತಪ್ಪಿಸಿದ್ದು ಇತಿಹಾಸ ಪ್ರಸಿದ್ಧ. ಆಗ ನೀನು ಕೊಬ್ಬರಿ ಎಣ್ಣೆ ಹಚ್ಚುತ್ತ ಅತ್ತಿದ್ದೆ; ನಾನು ಒಳಗೊಳಗೇ ನಗುತ್ತಿದ್ದೆ.

ಇದು ಒಪ್ಪಿಗೆಯಾಗದಿದ್ದರೆ ದೇವಿ ಹಾಕುವ ಹಣಮಂತಪ್ಪನ ಮುಂದೆ ತೋಳು ಚಾಚತಕ್ಕದ್ದು. ಬೇರೆ ದಾರಿ ಈ ಕಚೇರಿಗೆ ತಿಳಿದಿಲ್ಲ.

ಸಹಿ
ನಿಜಗುಣಪ್ಪ
ಸಮಸ್ತ ತೋಳುಗಳ ಮುಖ್ಯಾಧಿಕಾರಿ

❖

ಉಗರಗೋಳ
೧೩ ಜುಲೈ ೧೯೭೧

ನಿಜಗುಣೀ,

ಕೆಲಸ ಆತು. ಪದ್ಮಿ ತೋಳಿಗೆ ಗುಳ್ಳಿ ಎದ್ದು ಒಣಗೇತಿ. ಎರಡು ರಾತ್ರಿ ಅತ್ಲು. ನಿನ್ನೆ ಮಾಸ್ತರು ನೋಡಿ, 'ಶಾಣ್ಯಾಕಿ ಅದಿ ನೋಡವಾ ರಾಚವ್ವಾ' ಅಂತ ನನ್ನ ಹೊಗಳಿ ಹೆಸರು ಬರಕೊಂಡ್ರು.

ಸಾಲ್ಯಾಗ ನಮ್ಮ ಓಣಿ ತಾಯವ್ವನ ಮಗಳು ಮಾದೇವಿ ಬಾಜೂ ಕೂಡ್ರತಾಳ; ಆಕಿ ಹೋದ ವರ್ಷನ ಸೇರ್ಯಾಳ, ಆಗ ತೋಳು ನೋಡತಿರಲಿಲ್ಲ. ಪದ್ಮಿ ಮನಿಗೆ ಬಂದು ನನಗ ಕೂಡ್ರು ಏಳು ಅಂತ ಹೇಳತಾಳ.

ನೀ ಚೊಲೋತ್ನ್ಯಾಗಿ ಓದು. ಹೊತ್ತಿಗೆ ಉಣ್ಣು.

ರಾಚವ್ವ

❖

ರಾಮದುರ್ಗ
೧೭ ಜುಲೈ ೧೯೭೧

ವೀರಮಾತೆಯಾದ ಅಕ್ಕನಿಗೆ,

ಮೂರು ಸಲ ಓದಿದೆ. ಪರಪ್ಪ ಹೋದ ಮೇಲೆ ಸೂಜಿಯ ಹೆಸರೆತ್ತಿದರೆ ಎದ್ದು ಒಳಗೆ ಹೋಗುತ್ತಿದ್ದವಳು ನೀನು. ಹಣಮಂತಪ್ಪನ ಪೆಟ್ಟಿಗೆಯ ಮುಂದೆ ಮಗಳನ್ನು ಹಿಡಿದುಕೊಂಡು ಹೇಗೆ ಕೂತೆಯೋ, ನೆನೆಸಿಕೊಂಡರೆ ನನ್ನಂಥ ಹುಡುಗಾಟದವನಿಗೂ ಗಂಟಲು ಕಟ್ಟುತ್ತದೆ. (ಖಾನಾವಳಿಯ ಚಪಾತಿಯಿಂದಲೂ ಕಟ್ಟುತ್ತದೆ, ಆದರೆ ಇದು ಬೇರೆ.)

ಬಸಯ್ಯ ಮಾಸ್ತರರ ಪರವಾಗಿ ನಾನು ನಿನ್ನೆ ಇಲ್ಲಿ ಚರ್ಚಾಕೂಟದಲ್ಲಿ ಭಾಷಣ ಬಿಗಿದೆ. 'ದೇವಿ ಹಾಕಿಸದ ಮಗುವಿಗೆ ಸಾಲಿಯ ಬಾಗಿಲು ತೆರೆಯಬೇಕೇ?' ಎಂದು ವಿಷಯ. ನಾನು ಕೂಡದು ಅಂದೆ. ಎದುರಾಳಿ, 'ಬಾಗಿಲು ಹಾಕಿದರೆ ಬಡವರ ಮಗು ಓದೂ ಇಲ್ಲದೆ, ಸೂಜಿಯೂ ಇಲ್ಲದೆ ಉಳಿಯುತ್ತದೆ' ಅಂದ. ನಾನು ಎದ್ದು, 'ಉಗರಗೋಳದಲ್ಲಿ ನನ್ನ ಅಕ್ಕ ಇದ್ದಾಳೆ' ಅಂತ ಶುರುಮಾಡಿದೆ. ಚಪ್ಪಾಳೆ ಬಿತ್ತು. ಮೊದಲ ಬಹುಮಾನ ಒಂದು ಟವೆಲು. ನ್ಯಾಯವಾಗಿ ಅದು ನಿನ್ನದು, ಆದರೆ ನನ್ನ ಟವೆಲು ಹರಿದಿದೆ.

ನಿನ್ನ ಅಭಿಮಾನಿ ತಮ್ಮ

❖

ಉಗರಗೋಳ
೪ ನವೆಂಬರ್ ೧೯೭೧

ತಮ್ಮಾ,

ಇದು ಪದ್ಮಿ ಕೈಲೇ ಬರದ ಪತ್ರ. ನಾ ಕೈ ಹಿಡದಿಲ್ಲ. ಆಕಿನ ಬರದಾಳ:

ಮಾಮಾ ಬಾ. ಆಡ ತಾ.

ಆಡು ಅಂತ ಬರಿಯಾಕ ಹೋಗಿ ಕೊಂಬು ಬಿಟ್ಟಾಳ. ನೀ ಪತ್ರದಾಗ ಬಸ್ಸಿನ ಆಡಿನ ಕತಿ ಬರದಿದ್ದಿ, ಅದನ್ನ ತರಬೇಕಂತ. ಈಗ ಅಂಗಡಿ ಮುಂದಿನ ಫಳಿ ಮ್ಯಾಲ, ಭಂಡಾರದ ಬುಟ್ಟಿ ಮ್ಯಾಲ ಎಲ್ಲಾ ಕಡೆ ಸುಣ್ಣದ ಕಡ್ಡಿಲೇ ಬರಿಯೂದ. ದೇವರ ಗುಡ್ಡಕ್ಕ ಹೊಂಟ ಮಂದಿ ನಿಂತು ಓದಿ ನಗತಾರ.

ನಿನ್ನ ಭಾಷಣದ ಮಾತು ನಿಮ್ಮ ಮಾಮಾ ಊರೆಲ್ಲಾ ಹೇಳ್ಯಾರ. ಹೇಳಬ್ಯಾಡ್ರಿ ಅಂದ್ರ ಕೇಳೂದಿಲ್ಲ.

ರಾಚವ್ವ

❖

ಉಗರಗೋಳ
೮ ಫೆಬ್ರುವರಿ ೧೯೭೨

ನಿಜಗುಣೀ,

ಗುಡ್ಡದ ಬನದ ಹುಣ್ಣಿವಿ ಜಾತ್ರಿ ಮುಗೀತು. ಮಂದಿ ಬಾಳ ಬಂದಿದ್ರು. ನಮ್ಮ ಓಣಿ ಕಡೀ ಮನ್ಯಾಗ ದೂರದ ಊರಿನವರು ಇಳಕೊಂಡಿದ್ರು, ಅವರೊಳಗೊಂದು ಹುಡುಗಗ ಮೈ ತುಂಬ ಸಿಡುಬು ಎದ್ದಿತ್ತಂತ. ಮುಚ್ಚಿಕೊಂಡು ಹೋದ್ರು. ಈಗ ಸವದತ್ತ್ಯಾಗ ಎರಡು ಮನಿ ಬಾಗಲಕ್ಕ ಬೇವಿನ ತೊಪ್ಪಲ ಕಟ್ಯಾರ.

ಒಂದು ಮಾತು ಕೇಳಬೇಕಿತ್ತು. ದೇವಿ ಹಾಕಿಸಿಕೊಳ್ಳದ ಹುಡುಗೂರಿಗೆ ಈಗ ಹಾಕಿಸಿದ್ರ ತಡೀತೈತೇನು? ತಾಯವ್ವ ಕೇಳಾಕ ಹತ್ತಿದ್ಲು, ಅದಕ್ಕ ಬರದೇನಿ.

ರಾಚವ್ವ

❖

ರಾಮದುರ್ಗ
೧೧ ಫೆಬ್ರುವರಿ ೧೯೭೨

ಅಕ್ಕಾ,

ತಾಯವ್ವನಿಗೆ ಹೇಳು: ತಡೆಯುತ್ತದೆ, ಆದರೆ ತಡಮಾಡಬಾರದು. ನಾಳೆಯೇ ಹಾಕಿಸಲಿ. ಇದನ್ನು ನಮ್ಮ ಆರೋಗ್ಯದ ಪಾಠ ಮಾಡುವ ಡಾಕ್ಟರರನ್ನೇ ಕೇಳಿ ಬರೆಯುತ್ತಿದ್ದೇನೆ, ಹುಡುಗಾಟ ಅಲ್ಲ.

ನಿನಗಂತೂ ಚಿಂತೆ ಇಲ್ಲ. ನಮ್ಮ ಪದ್ಮವ್ವನವರ ಎಡತೋಳಿನ ಮೇಲೆ ಕೋಟೆಯೇ ಇದೆ. ಬೇವಿನ ಸೊಪ್ಪಿಗೆ ಹೆದರುವ ಕೆಲಸ ಊರಿನ ಉಳಿದವರಿಗೆ ಬಿಡು, ನೀನು ಆರಾಮ ನಿದ್ದೆ ಮಾಡು.

ಆಡಿನ ಬಾಬ್ತು ಪತ್ರವ್ಯವಹಾರ ನಡೆದಿದೆ. ಆಡು ಇನ್ನೂ ಉತ್ತರ ಬರೆದಿಲ್ಲ.

ನಿಜಗುಣಿ

❖

ಉಗರಗೋಳ
೧೫ ಫೆಬ್ರುವರಿ ೧೯೭೨

ನಿಜಗುಣೀ,

ನಿನ್ನೆ ಸಾಲಿಗೆ ಹಣಮಂತಪ್ಪ, ಇನ್ನಿಬ್ಬರು ಬಂದಿದ್ರು. ಹುಡುಗೂರ್ನ ಎರಡು ಸಾಲು ಮಾಡಿದ್ರು. ಕಲಿ ಇಲ್ಲದವರಿಗೆ ಮೊದಲು, ಕಲಿ ಇದ್ದವರಿಗೆ ಬರೂ ವಾರ ಮತ್ತೊಮ್ಮೆ ಅಂದ್ರು. ನಾನೂ ಹೋಗಿದ್ನಿ. ಕಂಪೌಂಡ್ ಗ್ವಾಡಿಗೆ ನಿಂತಿದ್ನಿ.

ಹಣಮಂತಪ್ಪ ಪದ್ಮಿ ತೋಳಿನ ಮ್ಯಾಲ ಹೆಬ್ಬೆಟ್ಟು ಒತ್ತಿ, 'ಕಲಿ ಸ್ವಲ್ಪ ಕಪ್ಪ ಐತಲ್ಲ' ಅಂದ. ಬಸಯ್ಯ ಮಾಸ್ತರು 'ಆಕಿದು ಆಗೇತಿ, ನಾನ ನೋಡೇನಿ, ವಹ್ಯಾಗ ಐತಿ' ಅಂದ್ರು. ಪದ್ಮಿನ್ನ ಕಲಿ ಇದ್ದವರ ಸಾಲಿಗೆ ಕಳಿಸಿದ್ರು. ಆಕಿ ಸೂಜಿ ತಪ್ಪಿತು ಅಂತ ಕುಣಕೋತ ಹೋದ್ಲು.

ತಾಯವ್ವ ಮಾದೇವಿನ್ನ ಹಾಕಿಸಾಕ ಕರಕೊಂಡು ಬಂದಿರಲಿಲ್ಲ, ಮನ್ಯಾಗ ಇಟಗೊಂಡಿದ್ಲು.

ಬರೂ ವಾರ ಹಾಕತಾರಲ್ಲ. ಬರೂ ವಾರ ದೂರೇನಿಲ್ಲ.

ರಾಚವ್ವ

❖

ರಾಮದುರ್ಗ
೨೯ ಫೆಬ್ರುವರಿ ೧೯೭೨

ಅಕ್ಕಾ,

ಹದಿನಾಲ್ಕು ದಿನ ಆಯಿತು, ನಿನ್ನ ಪತ್ರವಿಲ್ಲ. ಟಪಾಲಿನವನನ್ನು ದಿನಾ ಬೆಳಿಗ್ಗೆ ಅಡ್ಡಗಟ್ಟಿ ಅವನ ಚೀಲ ತಪಾಸಣೆ ಮಾಡುತ್ತಿದ್ದೇನೆ. ಅವನು ನನ್ನನ್ನು ಪೊಲೀಸಿಗೆ ಕೊಡುವ ಮೊದಲು ಒಂದು ಕಾರ್ಡು ಹಾಕು.

ಹೋದ ಸಲದ ಪತ್ರದಲ್ಲಿ ನೀನು ಗೋಡೆಗೆ ನಿಂತದ್ದು ಯಾಕೆ? ಪದ್ಮಿ ಜೊತೆ ಸಾಲಿನವರೆಗೆ ಹೋಗಬಹುದಿತ್ತಲ್ಲ. ಸುಮ್ಮನೆ ಕೇಳಿದೆ.

ನಿಜಗುಣಿ

❖

ರಾಮದುರ್ಗ
೮ ಮಾರ್ಚ್ ೧೯೭೨

ಅಕ್ಕಾ,

ಉಗರಗೋಳದ ಕಡೆ ಬಸ್ಸು ನಿಲ್ಲಿಸುತ್ತಿಲ್ಲ ಅಂತ ಇಲ್ಲಿ ಹೇಳುತ್ತಾರೆ. ಮಾಮಾನಿಗೆ ಹೇಳಿ ಒಂದೇ ಸಾಲು ಬರೆಸು. 'ಎಲ್ಲಾ ಆರಾಮ' ಅಂತ ಅಷ್ಟೇ ಸಾಕು. ನಾನು ಹೊರಟು ಬರಲೇ?

ನಿಜಗುಣಿ

❖

ಉಗರಗೋಳ
೧೭ ಮಾರ್ಚ್ ೧೯೭೨

ತಮ್ಮಾ ನಿಜಗುಣೀ,

ಪದ್ಮಿ ಹೋದ್ಲು. ಮಾರ್ಚ್ ಆರನೇ ತಾರೀಖು, ಸೋಮವಾರ, ಹೊತ್ತು ಏರೂ ಮುಂದ. ಓಣಿಗೆ ಕಾವಲು ಹಾಕಿದ್ರು, ಟಪಾಲು ತಗೋತಿರಲಿಲ್ಲ. ನಿನಗ ತಿಳಸಾಕ ಆಗಲಿಲ್ಲ.

ಸಾಲಿಗೆ ಅವರು ಬಂದು ಹೋದ ಎಂಟನೇ ದಿನಕ್ಕ ಜ್ವರ ಬಂತು. ಅವರು ಹೇಳಿದಂಗ ಮತ್ತ ಬಂದ್ರು, ಅದ ದಿನ ಬಂದ್ರು. ಆಗ ಸೂಜಿ ಉಪಯೋಗ ಇಲ್ಲ ಅಂದ್ರು. ಹನ್ನೆರಡು ದಿನ ನಾನು ಆಕಿ ಬಾಜೂ ಮಲಗಿದ್ನಿ. ನೀರು ಕೇಳತಿದ್ಲು, ನುಂಗಾಕ ಬರತಿರಲಿಲ್ಲ. ನನಗ ಏನೂ ಆಗಲಿಲ್ಲ. ನನ್ನ ತೋಳಿನ ಮ್ಯಾಲ ಸಣ್ಣಾಕಿದ್ದಾಗ ಅವ್ವ ಹಾಕಿಸಿದ ಕಲಿ ಐತಿ. ಖರೇ ಕಲಿ.

ಆಕಿ ತೋಳಿನ ಮ್ಯಾಲ ಇದ್ದದ್ದು ಖರೇದಲ್ಲ. ನೀ ಬರದ ಕೇರುಬೀಜದ್ದು. ಸುಂದರವ್ವನ ಕಡೆ ಬಟ್ಟಿಗೆ ಬೇಕು ಅಂತ ಹೇಳಿ ಇಸಗೊಂಡು ಬಂದ್ನಿ. ನಿಮ್ಮ ಮಾಮಾ ಹುಬ್ಬಳ್ಳಿಗೆ ಸಾಮಾನು ತರಾಕ ಹೋದ ದಿನ ನೋಡಿ ಹಚ್ಚಿದ್ನಿ. ಅವರಿಗೂ ಗೊತ್ತಿರಲಿಲ್ಲ. ಈಗ ಹೇಳೇನಿ. ನನ್ನ ಹೊಡೀಲಿಲ್ಲ. ಮಾತೂ ಆಡಿಲ್ಲ.

ನೀ ನಗಚಾಟಿಗಿಗೆ ಬರದಿದ್ದಿ ಅಂತ ನನಗ ಗೊತ್ತಿತ್ತು. ನಾ ಅಷ್ಟು ದಡ್ಡಿ ಅಲ್ಲ. ಗೊತ್ತಿದ್ದ ಮಾಡಿದ್ನಿ. ಅದಕ್ಕ ನೀ ಇದನ್ನ ನಿನ್ನ ತಲಿ ಮ್ಯಾಲ ಹಾಕ್ಕೋಬ್ಯಾಡ.

ಆ ದಿನ ಗ್ವಾಡಿಗೆ ನಿಂತಾಗ ಹೇಳಬೇಕಂತ ಬಾಯಿ ತಗದಿದ್ನಿ. ಹೇಳಿದ್ರ 'ಯಾರು ಕಲಿಸಿದ್ರು ನಿನಗ ಇದನ್ನ' ಅಂತ ಮಾಸ್ತರು ಕೇಳತಿದ್ರು. ನೀ ಜೂನಿಗೆ ಸರಕಾರಿ ನೌಕರಿಗೆ ಹೋಗಾಂವ. ಬರೂ ವಾರ ಹೆಂಗೂ ಹಾಕತಾರ ಅಂತ ಬಾಯಿ ಮುಚ್ಚಿದ್ನಿ.

ಈಗ ಬರಬ್ಯಾಡ. ಕಾವಲು ಇನ್ನೂ ತಗದಿಲ್ಲ.

ನಿನ್ನ ಅಕ್ಕ

❖

ರಾಮದುರ್ಗ
೨೧ ಮಾರ್ಚ್ ೧೯೭೨

ಅಕ್ಕಾ,

ನಾಲ್ಕು ಕಾಗದ ಹರಿದೆ. ನನ್ನ ಕೈಗೆ ಬೇರೆ ರೀತಿ ಬರೆದು ರೂಢಿಯೇ ಇಲ್ಲ. ಪ್ರತಿ ಸಾಲೂ ಯಾವುದೋ ಭಾಷಣದ ಹಾಗೆ ಶುರುವಾಗುತ್ತದೆ.

ನಿನಗೆ ಗೊತ್ತಿಲ್ಲದ ಎರಡು ಮಾತು ಹೇಳುತ್ತೇನೆ. ಆ ಸುತ್ತೋಲೆ ಬರೆದು ಮುಗಿಸಿದಾಗ, ಕೆಳಗೆ 'ಇದು ನಗಲಿಕ್ಕೆ ಬರೆದದ್ದು, ಹೋಗಿ ಹಾಕಿಸು' ಅಂತ ಒಂದು ಸಾಲು ಸೇರಿಸಬೇಕು ಅನ್ನಿಸಿತ್ತು. ಪೆನ್ನು ಎತ್ತಿದೆ. ಹಾಗೆ ಬರೆದರೆ ಮಜಾ ಹೋಗುತ್ತದೆ ಅಂತ ಬಿಟ್ಟೆ.

ಇನ್ನೊಂದು. ಜುಲೈಯಲ್ಲಿ ನೀನು 'ಗುಳ್ಳಿ ಎದ್ದು ಒಣಗೇತಿ' ಅಂತ ಬರೆದೆ. ಹಣಮಂತಪ್ಪನ ಹೆಸರು ಎಲ್ಲೂ ಇರಲಿಲ್ಲ. ಮೂರನೇ ಸಲ ಓದುವಾಗ ಅದು ಕಣ್ಣಿಗೆ ಬಿತ್ತು. ಕೇಳಬಹುದಿತ್ತು. ಚರ್ಚಾಕೂಟ ಮುಗಿದಿತ್ತು, ಚಪ್ಪಾಳೆ ಬಿದ್ದಿತ್ತು, ಟವೆಲು ಹೆಗಲ ಮೇಲಿತ್ತು. ಕೇಳಲಿಲ್ಲ.

ತಲೆಯ ಮೇಲೆ ಹಾಕಿಕೊಳ್ಳಬೇಡ ಅನ್ನುತ್ತೀ. ಎಲ್ಲಿ ಇಳಿಸಲಿ?

ನಿಜಗುಣಿ

❖

ಉಗರಗೋಳ
೨೭ ಮಾರ್ಚ್ ೧೯೭೨

ನಿಜಗುಣೀ,

ಅತ್ತು ಮುಗಿಸೋಣಂದ್ರ ಊರು ಬಿಡವಲ್ದು. ಊರಾಗ ಒಂದು ಮಾತು ಎದ್ದೈತಿ. 'ರಾಚವ್ವನ ಮಗಳಿಗೆ ದೇವಿ ಹಾಕಿಸಿದ್ರು, ಮಾಸ್ತರು ವಹ್ಯಾಗ ಬರಕೊಂಡಾರ, ಆದ್ರೂ ಸತ್ತಳು. ಹಾಕಿಸಿ ಏನು ಉಪಯೋಗ? ಮೊದಲಿನ ಗಂಡು ಕೂಸೂ ಹಾಕಿಸಿದ ಮ್ಯಾಲ ಹೋತು' ಅಂತ. ಹಣಮಂತಪ್ಪ ಬಂದ್ರ ಬಾಗಲಾ ಹಾಕ್ಕೋತಾರ. ಹುಡುಗೂರ್ನ ಅಟ್ಟದ ಮ್ಯಾಲ, ಕಣದಾಗ ಮುಚ್ಚಿಡತಾರ. ನಮ್ಮ ಓಣ್ಯಾಗ ಮತ್ತ ಎರಡು ಮನ್ಯಾಗ ಎದ್ದೈತಿ.

ತಾಯವ್ವ ದಿನಾ ಬಂದು ನನ್ನ ತೆಕ್ಕಿ ಬಿದ್ದು ಅಳತಾಳ. 'ನಿನ್ನ ನೋಡೇ ನಾ ಶಾಣ್ಯಾಕಿ ಆದ್ನಿ ಎಕ್ಕಾ, ಮಾದೇವಿಗೆ ಹಾಕಸೂದಿಲ್ಲ' ಅಂತಾಳ. ನಾ ಸುಮ್ಮನ ಕುಂಡ್ರತೇನಿ. ಮಾದೇವಿ ಬಾಗಲದಾಗ ನಿಂತು ಪದ್ಮಿ ಪಾಟಿ ನೋಡತಾಳ.

ನೀ ಯಾರ ಮುಂದೂ ಬಾಯಿ ಬಿಡಬ್ಯಾಡ. ಹೇಳಿದ್ರ ನಿನ್ನ ನೌಕರಿ ಹೋಗತೈತಿ. ನನಗ ಈಗ ಉಳದಾಂವ ನೀ ಒಬ್ಬ.

ರಾಚವ್ವ

❖

ರಾಮದುರ್ಗ
೩೧ ಮಾರ್ಚ್ ೧೯೭೨

ಅಕ್ಕಾ,

ಆಗುವುದಿಲ್ಲ.

ನಿನ್ನ ಪತ್ರದಲ್ಲಿ ಮಾದೇವಿ ಬಾಗಿಲಲ್ಲಿ ನಿಂತಿದ್ದಾಳೆ. ಅದನ್ನು ಓದಿದ ಮೇಲೆ ನಾನು ಪಾಠದಲ್ಲಿ ಕೂತೆ, ಊಟಕ್ಕೆ ಕೂತೆ, ಎಲ್ಲಿ ಕೂತರೂ ಅವಳು ಅಲ್ಲೇ ನಿಂತಿರುತ್ತಾಳೆ. ನಾವು ಸುಮ್ಮನಿದ್ದಷ್ಟು ದಿನ ಊರು ಪದ್ಮಿಯ ಸುಳ್ಳು ಕಲೆಯನ್ನೇ ಸಾಕ್ಷಿ ಅಂತ ಹಿಡಿದುಕೊಂಡಿರುತ್ತದೆ.

ನೌಕರಿ ಹೋಗಲಿ. ನಾನು ಬಸಯ್ಯ ಮಾಸ್ತರರಿಗೆ ಎಲ್ಲವನ್ನೂ ಬರೆಯುತ್ತೇನೆ, ನನ್ನ ಹೆಸರು ಸಹಿತ. ನಿನ್ನ ಒಪ್ಪಿಗೆ ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಬುಧವಾರ ಟಪಾಲಿಗೆ ಹಾಕುತ್ತೇನೆ. ಅಷ್ಟರೊಳಗೆ ಮಾಮಾನಿಗೆ ಹೇಳಿಬಿಡು.

ನಿಜಗುಣಿ

❖

ಉಗರಗೋಳ
೪ ಏಪ್ರಿಲ್ ೧೯೭೨

ನಿಜಗುಣೀ,

ನಿನ್ನ ಪತ್ರ ಇವತ್ತ ಸಂಜೀಕ ಬಂತು. ಮಧ್ಯಾಹ್ನದಾಗ ನಾನ ಹೇಳಿ ಬಂದ್ನಿ.

ಚಾವಡಿ ಮುಂದ ಹಣಮಂತಪ್ಪ ಪೆಟ್ಟಿಗಿ ತಗದು ಕುಂತಿದ್ದ. ಒಬ್ಬ ಡಾಕ್ಟರೂ ಬಂದಿದ್ದ, ಸಣ್ಣ ವಯಸ್ಸು. ಡಂಗುರ ಸಾರಿದ್ರೂ ಹುಡುಗೂರು ಒಂದೂ ಬಂದಿರಲಿಲ್ಲ. ದೊಡ್ಡವರು ದೂರ ನಿಂತು ನೋಡತಿದ್ರು. ತಾಯವ್ವ ಒದರಿದ್ಲು: 'ರಾಚವ್ವನ ಮಗಳಿಗೆ ಹಾಕಿದ್ರಲ್ಲೋ, ಏನಾತು? ಅಲ್ಲೇ ನಿಂತಾಳ, ಕೇಳ್ರಿ ಆಕಿನ್ನ!'

ನಾ ಹೋಗಿ ಪೆಟ್ಟಿಗಿ ಮುಂದ ನಿಂತ್ನಿ. 'ನನ್ನ ಮಗಳಿಗೆ ಯಾರೂ ಹಾಕಿಲ್ಲ. ನಾ ಕೇರುಬೀಜ ಹಚ್ಚಿ ಕಲಿ ಮಾಡಿದ್ನಿ. ಮಾಸ್ತರಿಗೆ ಸುಳ್ಳ ತೋರಿಸಿದ್ನಿ. ಹಾಕಿಸಿದ್ರ ಉಳೀತಿದ್ಲು' ಅಂದ್ನಿ.

ಸುಂದರವ್ವ 'ನಾ ಕೊಟ್ಟ ಬೀಜೇನವಾ?' ಅಂತ ಅಲ್ಲೇ ಮಣ್ಣಾಗ ಕುಂತ್ಲು. ಬಸಯ್ಯ ಮಾಸ್ತರು ಟೊಪಗಿ ತಗದು ಕೈಯಾಗ ಹಿಡಕೊಂಡ್ರು. 'ಸಾಲಿ ಬಾಗಲಾ ಹಾಕಿದಾಂವ ನಾನು. ನಾ ಬರೇ ತೋಳು ನೋಡಿದ್ನಿ ರಾಚವ್ವಾ, ನಿನ್ನ ಮಾರಿ ನೋಡಲಿಲ್ಲ' ಅಂದ್ರು.

ಆಮ್ಯಾಲ ಆ ಡಾಕ್ಟರ ಹುಡುಗ ನನ್ನ ಬಾಜೂಕ ಕರದು, 'ಗಂಡು ಕೂಸು ಹೆಂಗ ಹೋತವ್ವಾ?' ಅಂತ ಕೇಳಿದ. ಎಂಟು ವರ್ಷದಾಗ ಯಾರೂ ಕೇಳಿರಲಿಲ್ಲ, ನೀನೂ ಕೇಳಿರಲಿಲ್ಲ. ಹೇಳಿದ್ನಿ. ಬಾಯಿ ಬಿಗದಿತ್ತು, ಮೈ ಬಿಲ್ಲಿನಂಗ ಬಾಗತಿತ್ತು. 'ಗಾಯಕ್ಕ ಏನರ ಹಚ್ಚಿದ್ರೇನು?' ಅಂದ. ಸಗಣಿ ಕುಳ್ಳಿನ ಬೂದಿ ಹಚ್ಚಿದ್ನಿ. ಹುಣ್ಣು ಲಗೂ ಮಾಯಲಿ ಅಂತ ದಿನಾ ಹಚ್ಚತಿದ್ನಿ. ಆಂವ ಕೆಳಗ ನೋಡಿದ. ಪರಪ್ಪನ್ನ ಒಯ್ದದ್ದು ಸೂಜಿ ಅಲ್ಲ, ನಾ ಹಚ್ಚಿದ ಬೂದಿ ಅಂತ ನನಗ ತಿಳೀತು.

ತಾಯವ್ವ ಬಂದು ನನ್ನ ಕಪಾಳಕ್ಕ ಬಾರಿಸಿದ್ಲು. ಜೋರ ಬಾರಿಸಿದ್ಲು. ಹೊಳ್ಳಿ ಮನಿಗೆ ಓಡಿ ಹೋಗಿ, ಮಾದೇವಿನ್ನ ಬಗಲಾಗ ಹೊತಗೊಂಡು ಬಂದು ಹಣಮಂತಪ್ಪನ ಮುಂದ ಕುಂಡ್ರಿಸಿದ್ಲು.

ನಿನ್ನ ಹೆಸರು ನಾ ಹೇಳಿಲ್ಲ.

ರಾಚವ್ವ

❖

ರಾಮದುರ್ಗ
೮ ಏಪ್ರಿಲ್ ೧೯೭೨

ಅಕ್ಕಾ,

ಬಸಯ್ಯ ಮಾಸ್ತರರಿಗೆ ಬುಧವಾರವೇ ಬರೆದು ಹಾಕಿದ್ದೆ. ನಿನ್ನ ಪತ್ರ ಬಂದ ದಿನ, ಅದರ ನಕಲು ಹಿಡಿದುಕೊಂಡು ನಮ್ಮ ಪ್ರಿನ್ಸಿಪಾಲರ ಕೋಣೆಗೆ ಹೋದೆ. ಅವರು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.

'ಬೀಜ ನೀನು ಹಚ್ಚಿದಿಯೇನು?'

'ಇಲ್ರಿ.'

'ಹಚ್ಚು ಅಂತ ಹೇಳಿದಿಯೇನು?'

'ಬರೆದೆರಿ. ನಗಸಾಕ ಬರೆದೆರಿ.'

ಆಮೇಲೆ ಕಾಗದ ಮಡಚಿ ನನ್ನ ಕೈಗೇ ಕೊಟ್ಟರು. 'ಇದಕ್ಕ ನನ್ನ ಹತ್ರ ಕಾಯದೇದ ಯಾವ ಕಲಮೂ ಇಲ್ಲೋ ತಮ್ಮಾ. ಹೋಗು, ಪಾಠ ಐತಿ' ಅಂದರು.

ನಾನು ಅಲ್ಲೇ ನಿಂತಿದ್ದೆ. ಹೊಡೆಯಲಿ, ಹೆಸರು ತೆಗೆಯಲಿ, ಏನಾದರೂ ಮಾಡಲಿ ಅಂತ. ಜವಾನ ಬಂದು ಬಾಗಿಲು ತೆರೆದು ಹಿಡಿದ. ಹೊರಗೆ ಬಂದೆ. ಪಾಠದಲ್ಲಿ ಕೂತೆ. ಮಕ್ಕಳಿಗೆ ಅಕ್ಷರ ಕಲಿಸುವ ಬಗೆ ಹೇಗೆ ಅಂತ ಹೇಳುತ್ತಿದ್ದರು.

ತಾಯವ್ವ ನಿನಗೆ ಬಾರಿಸಿದ್ದು ನನಗೆ ಬೀಳಬೇಕಿತ್ತು. ನಿನ್ನ ಪತ್ರದಲ್ಲಿ ಆ ಸಾಲು ಓದಿ ಹೊಟ್ಟೆಕಿಚ್ಚಾಯಿತು ಅಂದರೆ ನಂಬುತ್ತೀಯಾ?

ಮಾಮಾ ಮಾತಾಡಿದರೇ? ಅವರು ನನ್ನ ಮುಖ ನೋಡುತ್ತಾರೆಯೇ? ನಾನು ಬರಬಹುದೇ ಅಂತ ಅವರನ್ನೇ ಕೇಳಿ ಬರೆ. ಬೇಡ ಅಂದರೆ ಬರುವುದಿಲ್ಲ.

ನಿಜಗುಣಿ

❖

ಉಗರಗೋಳ
೧೩ ಏಪ್ರಿಲ್ ೧೯೭೨

ತಮ್ಮಾ ನಿಜಗುಣೀ,

ನಿಮ್ಮ ಮಾಮಾನ್ನ ಕೇಳಿದ್ನಿ. ಅವರು ಬ್ಯಾಡ ಅನ್ನಲಿಲ್ಲ. ನಿನ್ನ ಪತ್ರ ಇಸಗೊಂಡು ಓದಿ, ಗ್ವಾಡಿ ಮಾಡದಾಗ ಇಟ್ರು.

ಊರಾಗ ಹೆಂಗಸರು ನನ್ನ ಜೋಡಿ ಮಾತಾಡೂದಿಲ್ಲ. ಬಾವಿ ಕಟ್ಟಿಗೆ ಹೋದ್ರ ಸರದು ನಿಲ್ಲತಾರ. ಅಂಗಡಿಗೆ ಊರಿನವರು ಬರೂದಿಲ್ಲ, ಗುಡ್ಡಕ್ಕ ಹೋಗೋ ಹೊರಗಿನವರಷ್ಟ ಬರತಾರ.

ಹಣಮಂತಪ್ಪ ಈಗ ಓಣಿ ಓಣಿ ತಿರಗತಾನ. ಈಗಿನ ಸೂಜಿ ಸಣ್ಣದು, ಎರಡು ಹಲ್ಲಿಂದು. ಆದ್ರ ಹುಡುಗೂರು ಅದನ್ನ ನೋಡಿದ ಕೂಡಲೇ ಚೀರತಾವ. ತಾಯಂದಿರಿಗೆ ಹಿಡಿಯಾಕ ಧೈರ್ಯ ಆಗೂದಿಲ್ಲ, ಮಾರಿ ತಿರುವತಾರ. ಮೊದಲನೇ ದಿನ ಒಂದು ಕೂಸು ಆಂವನ ಕೈ ಕಚ್ಚಿತು. 'ಯಾರರ ಹಿಡೀರವಾ' ಅಂದ. ಯಾರೂ ಬರಲಿಲ್ಲ. ನಾ ಹೋಗಿ ಹಿಡದ್ನಿ.

ಅವತ್ತಿನಿಂದ ದಿನಾ ಹೊಂಟೇನಿ. ತೊಡಿ ಮ್ಯಾಲ ಕುಂಡ್ರಿಸಿಕೊಂಡು, ಎಡತೋಳು ಗಟ್ಟಿ ಹಿಡಕೊಂಡು, ತಲಿ ನನ್ನ ಎದಿಗೆ ಒತ್ತಿಕೋತೇನಿ. ಹಾಕಿದ ಮ್ಯಾಲ ಒಬ್ಬೊಬ್ಬರಿಗೂ ಹೇಳತೇನಿ: 'ಏನೂ ಹಚ್ಚಬ್ಯಾಡ್ರಿ. ಬೂದಿ ಹಚ್ಚಬ್ಯಾಡ್ರಿ. ಹಂಗ ಬಿಡ್ರಿ.' ಅವರು ಮಾತಾಡೂದಿಲ್ಲ ಖರೆ, ಆದ್ರ ಕೂಸು ನನ್ನ ಕೈಯಾಗ ಕೊಡತಾರ.

ಮಾದೇವಿ ತೋಳು ಹಣ್ಣಾಗೇತಿ, ಚೊಲೋ ಹತ್ತೇತಿ ಅಂದ ಹಣಮಂತಪ್ಪ.

ಸೋಮವಾರ ಕೆಳಗಿನ ಓಣಿ ಮತ್ತ ತೋಟದ ಮನಿಗಳು ಉಳದಾವ. ದೊಡ್ಡ ದೊಡ್ಡ ಹುಡುಗೂರು ಅದಾವ, ಬಾಳ ಒದ್ಯಾಡತಾವ, ನನ್ನ ಒಬ್ಬಾಕಿಗೆ ನೀಗೂದಿಲ್ಲ. ಕಾವಲು ತಗದಾರ, ಬಸ್ಸು ನಿಲ್ಲತೈತಿ. ನಿನಗ ದೇವಿ ಹಾಕಿಸಿದ್ದು ನಾನ, ಬೈಲಹೊಂಗಲದಾಗ, ನೀ ಮೂರು ವರ್ಷದಾಂವ ಇದ್ದಾಗ. ಆದ್ರೂ ಅಲ್ಲೇ ಮತ್ತೊಮ್ಮೆ ಹಾಕಿಸಿಕೊಂಡು ಬಾ.

ರವಿವಾರ ಹೊಂಡು. ಕಾಲು ಹಿಡಿಯಾಕ ಒಬ್ಬರು ಬೇಕು.

ನಿನ್ನ ಅಕ್ಕ
ರಾಚವ್ವ